ಎಷ್ಟು ಕತ್ತಲು ಬೇಕು?

ಸಿನಿಮಾ ಬಿಟ್ಟ ಮೇಲೆ ಚಿತ್ರಮಂದಿರದ ಮೆಟ್ಟಿಲ ಮೇಲೆ ಕೇಳಿಬರುವ ಮಾತುಗಳಲ್ಲಿ ‘ಕ್ಯಾಮೆರಾ ಮಾತ್ರ ಸೂಪರ್’ ಎನ್ನುವುದೂ ಒಂದು. ಕಥೆ ಹಿಡಿಸದೇ ಹೋದಾಗ ಈ ಮಾತು ಜಾಸ್ತಿ. ಯಾವ ದೃಶ್ಯ ಇಷ್ಟವಾಯಿತು ಎಂದು ಕೇಳಿದರೆ ಮಲೆನಾಡಿನ ಮಂಜು, ಡ್ರೋನ್‌ನಿಂದ ಕಂಡ ಅಡಿಕೆ ತೋಟ, ಮುಳುಗುವ ಸೂರ್ಯನಿಗೆ ಎದುರಾಗಿ ನಿಂತ ನಾಯಕ ಎಂದು ಪಟ್ಟಿ ಬರುತ್ತದೆ. ಪತ್ರಿಕೆಗಳ ವಿಮರ್ಶೆಯಲ್ಲೂ ಛಾಯಾಗ್ರಹಣಕ್ಕೆ ಸಿಗುವುದು ಕೊನೆಯ ಪ್ಯಾರಾದಲ್ಲಿ ಒಂದು ವಾಕ್ಯ: ‘ಕಣ್ಣಿಗೆ ತಂಪು’. ನಾಲ್ಕು ಗೋಡೆಗಳ ನಡುವೆ, ಬೆಳಕು ಕಡಿಮೆಯಿರುವ ಕೋಣೆಯಲ್ಲಿ ನಡೆಯುವ ಸಿನಿಮಾಕ್ಕೆ ಆ ಒಂದು ವಾಕ್ಯವೂ ದಕ್ಕುವುದಿಲ್ಲ.

ಸಿನಿಮಾಟೋಗ್ರಫಿ ಎಂಬ ಮಾತನ್ನು ನಾವು ತೀರಾ ಕಿರಿದು ಮಾಡಿಕೊಂಡಿದ್ದೇವೆ ಎಂದು ನನಗೆ ಬಹಳ ಕಾಲದಿಂದ ಅನ್ನಿಸಿದೆ. ಚೆಂದದ ಜಾಗವನ್ನು ಚೆಂದವಾಗಿ ತೋರಿಸುವುದು ಆ ಕೆಲಸದ ಒಂದು ಸಣ್ಣ ಪಾಲು. ಕಥೆಗೆ ಯಾವುದು ಕಾಣಬೇಕು, ಎಷ್ಟು ದೂರದಿಂದ ಕಾಣಬೇಕು, ಎಷ್ಟು ಹೊತ್ತು ಕಾಣಬೇಕು, ಯಾವುದು ಕತ್ತಲಲ್ಲೇ ಉಳಿಯಬೇಕು ಎಂದು ತೀರ್ಮಾನಿಸುವುದು ಅದರ ದೊಡ್ಡ ಪಾಲು. ಈ ತೀರ್ಮಾನಗಳನ್ನು ಗುರುತಿಸುವುದಕ್ಕೆ ಕಲಿತರೆ ಸಿನಿಮಾ ನೋಡುವ ರೀತಿಯೇ ಬದಲಾಗುತ್ತದೆ.

ಆ ಹೆಸರು ಮೊದಲು ಒಂದು ಯಂತ್ರದ್ದಾಗಿತ್ತು. ಫ್ರಾನ್ಸಿನ ಲಿಯೋನ್ ಬೂಲಿ ಎಂಬಾತ 1892ರಲ್ಲಿ ತನ್ನ ಯಂತ್ರಕ್ಕೆ ಗ್ರೀಕ್ ಮೂಲದಿಂದ ಈ ಹೆಸರು ಕಟ್ಟಿದ. ಚಲನೆಯನ್ನು ಬರೆದಿಡುವುದು ಎಂಬರ್ಥ. ಪೇಟೆಂಟಿನ ಶುಲ್ಕ ಕಟ್ಟಲು ಅವನಿಂದಾಗದೆ ಹೋದಾಗ ಹೆಸರು ಲೂಮಿಯೇರ್ ಸಹೋದರರ ಪಾಲಾಯಿತು. 1895ರ ಡಿಸೆಂಬರ್ 28ರಂದು ಪ್ಯಾರಿಸ್‌ನ ಗ್ರ್ಯಾಂಡ್ ಕೆಫೆಯಲ್ಲಿ ಅವರು ದುಡ್ಡು ಪಡೆದು ಚಿತ್ರ ತೋರಿಸಿದರು. ಏಳು ತಿಂಗಳೂ ಕಳೆಯುವ ಮುನ್ನ, 1896ರ ಜುಲೈ 7ರಂದು, ಅದೇ ಯಂತ್ರ ಬೊಂಬಾಯಿಯ ವಾಟ್ಸನ್ ಹೋಟೆಲಿಗೆ ಬಂದಿತ್ತು. ಚಿತ್ರ ಹಿಡಿಯುವುದು, ಪ್ರತಿ ತೆಗೆಯುವುದು, ಪರದೆಯ ಮೇಲೆ ಬಿಡುವುದು, ಮೂರೂ ಆ ಒಂದೇ ಪೆಟ್ಟಿಗೆಯ ಕೆಲಸ. ಹಾಗಾಗಿ ತೆಗೆಯುವವನು, ತೋರಿಸುವವನು ಎಂಬ ಭೇದವೇ ಆಗ ಇರಲಿಲ್ಲ.

ಆ ಗೊಂದಲ ನಮ್ಮ ಕಾನೂನಿನಲ್ಲಿ ಇನ್ನೂ ಉಳಿದಿದೆ. ಸೆನ್ಸಾರ್ ಮಂಡಳಿಗೆ ಅಧಿಕಾರ ಕೊಡುವ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಲ್ಲಿ ಆ ಪದಕ್ಕಿರುವ ಅರ್ಥ ಚಲಿಸುವ ಚಿತ್ರಗಳನ್ನು ತೋರಿಸುವ ಉಪಕರಣ ಎಂದು. 1957ರ ಕೃತಿಸ್ವಾಮ್ಯ ಕಾಯ್ದೆಯೂ ‘ಸಿನಿಮಾಟೋಗ್ರಾಫ್ ಫಿಲ್ಮ್’ ಎನ್ನುತ್ತದೆ. ಅದರ ಕರ್ತೃ ನಿರ್ಮಾಪಕ. ಛಾಯಾಗ್ರಾಹಕನ ಕಸುಬಿನ ಹೆಸರು ಎರಡೂ ಕಡೆ ಇದೆ, ಛಾಯಾಗ್ರಾಹಕ ಎಲ್ಲಿಯೂ ಇಲ್ಲ.

ಯಂತ್ರದ ಹೆಸರು ಕಸುಬಿನ ಹೆಸರಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಲೂಮಿಯೇರ್‌ ಕಂಪನಿಯ ಅಲೆಕ್ಸಾಂಡ್ರ್ ಪ್ರೊಮಿಯೊ 1896ರಲ್ಲೇ ವೆನಿಸ್‌ನ ಗೊಂಡೊಲಾ ದೋಣಿಯಲ್ಲಿ ಕ್ಯಾಮೆರಾ ಇಟ್ಟು ದಡದ ಕಟ್ಟಡಗಳನ್ನು ಚಿತ್ರಿಸಿದ. ಅಲ್ಲಿಯತನಕ ಕ್ಯಾಮೆರಾ ನಿಂತಲ್ಲೇ ನಿಂತು ನೋಡುತ್ತಿತ್ತು. ಲೋಕ ಚಲಿಸಿದರಾಯಿತು, ನೋಡುವವನು ಯಾಕೆ ಚಲಿಸಬೇಕು ಎಂಬ ಪ್ರಶ್ನೆಗೆ ಅವನು ಕೊಟ್ಟ ಉತ್ತರವೇ ಇಂದಿನ ಟ್ರಾಲಿ, ಕ್ರೇನ್, ಜಿಬ್‌ಗಳಿಗೆಲ್ಲ ಮೂಲ.

ಇತಿಹಾಸವನ್ನು ಇಲ್ಲಿಗೆ ಬಿಟ್ಟು ಒಬ್ಬ ಛಾಯಾಗ್ರಾಹಕನ ಕೆಲಸವನ್ನು ಹತ್ತಿರದಿಂದ ನೋಡುವುದು ಮೇಲು. ಅದಕ್ಕೆ ಮೈಸೂರಿನ ವಿ.ಕೆ. ಮೂರ್ತಿಯವರಿಗಿಂತ ತಕ್ಕವರು ಇಲ್ಲ. 1923ರಲ್ಲಿ ಹುಟ್ಟಿದ ಮೂರ್ತಿಯವರು ಪಿಟೀಲು ಕಲಿತವರು, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1946ರಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಮುಗಿಸಿದವರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾದದ್ದು 1960ರಲ್ಲಿ. ಅದಕ್ಕೂ ಹದಿನಾಲ್ಕು ವರ್ಷ ಮೊದಲೇ ಬೆಂಗಳೂರಿನ ಒಂದು ಪಾಲಿಟೆಕ್ನಿಕ್ ಈ ವಿದ್ಯೆಯ ಡಿಪ್ಲೊಮಾ ಕೊಡುತ್ತಿತ್ತು ಎಂಬುದು ನಾವು ಮರೆತಿರುವ ಹೆಮ್ಮೆ. ಮುಂದೆ ಮೂರ್ತಿಯವರ ಕೈಕೆಳಗೆ ಪಳಗಿ ದೊಡ್ಡ ಹೆಸರು ಮಾಡಿದ ಗೋವಿಂದ ನಿಹಲಾನಿ ಕೂಡ ಇದೇ ಪಾಲಿಟೆಕ್ನಿಕ್‌ನ ವಿದ್ಯಾರ್ಥಿ.

ನಿರ್ದೇಶಕ ಗುರುದತ್ ಅವರ ಮೊದಲ ಚಿತ್ರ ‘ಬಾಝಿ’ಗೆ (1951) ಛಾಯಾಗ್ರಾಹಕರಾಗಿದ್ದವರು ವಿ. ರಾತ್ರಾ. ಮೂರ್ತಿ ಆಗ ರಾತ್ರಾ ಅವರ ಸಹಾಯಕ. ಒಂದು ಹಾಡಿಗೆ ಕನ್ನಡಿಯ ಪ್ರತಿಬಿಂಬದಿಂದ ಶುರುವಾಗಿ ಚಲಿಸುತ್ತ ಹೋಗುವ ಕಷ್ಟದ ಶಾಟ್ ಒಂದನ್ನು ಮೂರ್ತಿ ಸೂಚಿಸಿದರು. ಕ್ಯಾಮೆರಾವನ್ನೂ ಅವರೇ ನಡೆಸಬೇಕಾಯಿತು. ಶಾಟ್ ನೋಡಿದ ಗುರುದತ್ ಮುಂದಿನ ಚಿತ್ರದಿಂದ ಮೂರ್ತಿಯವರನ್ನೇ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. ‘ಜಾಲ್’, ‘ಆರ್ ಪಾರ್’, ‘ಪ್ಯಾಸಾ’, ‘ಕಾಗಜ್ ಕೆ ಫೂಲ್’, ‘ಸಾಹಿಬ್ ಬೀಬಿ ಔರ್ ಗುಲಾಮ್’ ಹಾಗೆ ಬಂದವು.

‘ಕಾಗಜ್ ಕೆ ಫೂಲ್’ (1959) ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಗೀತಾ ದತ್ ಹಾಡಿದ ಹಾಡೊಂದಿದೆ. ಖಾಲಿ ಸ್ಟುಡಿಯೊ. ನಿರ್ದೇಶಕ ಒಂದು ಕಡೆ, ನಾಯಕಿ ಇನ್ನೊಂದು ಕಡೆ. ಇಬ್ಬರ ನಡುವೆ ಮಾಡಿನಿಂದ ನೆಲಕ್ಕೆ ಓರೆಯಾಗಿ ಇಳಿದ ಬಿಸಿಲುಕೋಲು. ಅವರು ಪರಸ್ಪರ ಹೇಳಲಾರದ್ದನ್ನೆಲ್ಲ ಆ ಬೆಳಕೇ ಹೇಳುತ್ತದೆ. ಉಮಾ ರಾವ್ ಅವರು ಮೂರ್ತಿಯವರ ಬದುಕಿನ ಕುರಿತು ಕನ್ನಡದಲ್ಲಿ ಬರೆದ ಪುಸ್ತಕಕ್ಕೆ ‘ಬಿಸಿಲು ಕೋಲು’ ಎಂದೇ ಹೆಸರಿಟ್ಟರು.

ಈ ಬೆಳಕನ್ನು ತರುವುದು ಎಷ್ಟು ಕಷ್ಟದ್ದೆಂದು ತಿಳಿಯಲು ಸ್ವಲ್ಪ ಭೌತಶಾಸ್ತ್ರ ಬೇಕು. ಸ್ಟುಡಿಯೊದ ದೀಪ ಎಷ್ಟೇ ದೊಡ್ಡದಿರಲಿ, ಅದರ ಕಿರಣಗಳು ಹೊರಟಲ್ಲಿಂದ ಹರಡಿಕೊಳ್ಳುತ್ತವೆ. ಮಾಡಿನಲ್ಲಿ ಒಂದಡಿ ಅಗಲ ಇದ್ದ ಬೆಳಕು ನೆಲ ಮುಟ್ಟುವಷ್ಟರಲ್ಲಿ ಹಲವು ಅಡಿ ಅಗಲವಾಗಿರುತ್ತದೆ. ಸೂರ್ಯ ಇರುವುದು ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಅಲ್ಲಿಂದ ಬಂದ ಕಿರಣಗಳು ನಮ್ಮ ಲೆಕ್ಕಕ್ಕೆ ಸಮಾನಾಂತರ. ಹಂಚಿನ ಸಂದಿಯಿಂದ ಇಳಿದ ಬಿಸಿಲು ಮೇಲೆ ಎಷ್ಟು ಅಗಲವೋ ಕೆಳಗೂ ಹೆಚ್ಚುಕಡಿಮೆ ಅಷ್ಟೇ ಅಗಲ. ಇನ್ನೂ ಒಂದಿದೆ. ದೀಪದಿಂದ ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಪಾತ್ರ ನಾಲ್ಕು ಹೆಜ್ಜೆ ನಡೆದರೆ ಮುಖದ ಮೇಲಿನ ಬೆಳಕು ಏರುಪೇರಾಗಿ, ಇದು ದೀಪವೆಂದು ಗೊತ್ತಾಗಿಬಿಡುತ್ತದೆ. ಬಿಸಿಲಿಗೆ ಆ ತೊಂದರೆಯಿಲ್ಲ. ಈ ವ್ಯತ್ಯಾಸವನ್ನು ಹೆಸರಿಟ್ಟು ಹೇಳಲು ಪ್ರೇಕ್ಷಕನಿಗೆ ಬರದಿರಬಹುದು. ಆದರೆ ಬಿಸಿಲುಕೋಲು ನೋಡುತ್ತ ಬೆಳೆದ ಕಣ್ಣು ಮೋಸ ಹೋಗುವುದಿಲ್ಲ.

ಮೂರ್ತಿಯವರು ದೀಪವನ್ನು ಬಿಟ್ಟು ಸೂರ್ಯನನ್ನೇ ಸ್ಟುಡಿಯೊದೊಳಗೆ ಕರೆತಂದರು. ಹೊರಗೆ ಒಂದು ದೊಡ್ಡ ಕನ್ನಡಿ. ಅದರ ಮೇಲೆ ಬಿದ್ದ ಬಿಸಿಲು ಒಳಗೆ ಎತ್ತರದಲ್ಲಿಟ್ಟ ಇನ್ನೊಂದು ಕನ್ನಡಿಗೆ ತಾಗಿ ಅಲ್ಲಿಂದ ನೆಲಕ್ಕೆ. ಗಾಳಿಯಲ್ಲಿ ಧೂಳೋ ಹೊಗೆಯೋ ಇಲ್ಲದಿದ್ದರೆ ಬೆಳಕಿನ ದಾರಿ ಕಾಣುವುದಿಲ್ಲ, ಬಿದ್ದ ಜಾಗ ಮಾತ್ರ ಕಾಣುತ್ತದೆ. ಅದಕ್ಕೆ ತೆಳ್ಳಗೆ ಹೊಗೆ. ಕೇಳಲು ಸುಲಭ. ಆದರೆ ಸೂರ್ಯ ನಿಲ್ಲುವವನಲ್ಲ. ಆಕಾಶದಲ್ಲಿ ಅವನು ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. ಕನ್ನಡಿಯಿಂದ ಮೂವತ್ತು ಅಡಿ ದೂರದಲ್ಲಿ ಆ ಒಂದು ಡಿಗ್ರಿ ಎಂದರೆ ಅರ್ಧ ಅಡಿ. ನಟರನ್ನು ನಿಲ್ಲಿಸಿ, ಕ್ಯಾಮೆರಾದ ಚಲನೆ ಒಮ್ಮೆ ಅಭ್ಯಾಸ ಮಾಡಿಸಿ, ‘ಸ್ಟಾರ್ಟ್’ ಎನ್ನುವಷ್ಟರಲ್ಲಿ ಬೆಳಕು ಜಾಗ ಬಿಟ್ಟಿರುತ್ತದೆ. ಪ್ರತಿ ಶಾಟ್‌ಗೂ ಕನ್ನಡಿಗಳನ್ನು ಮತ್ತೆ ಹೊಂದಿಸಲೇಬೇಕು. ಹಾಡಿನ ಆ ಕೆಲವು ನಿಮಿಷಗಳ ಹಿಂದೆ ಸೂರ್ಯನ ಜೊತೆ ನಡೆದ ಪೈಪೋಟಿ ಇದೆ.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಬೇರೆ. ಆ ಬೆಳಕಿನ ಸುತ್ತ ಮೂರ್ತಿಯವರು ಎಷ್ಟು ಕತ್ತಲು ಉಳಿಸಿದ್ದಾರೆ ನೋಡಿ. ಸಿನಿಮಾಸ್ಕೋಪ್ ಪರದೆ ಎತ್ತರಕ್ಕಿಂತ ಎರಡೂಕಾಲು ಪಟ್ಟಿಗೂ ಹೆಚ್ಚು ಅಗಲ. ಹೊಸ ಆಟಿಕೆ ಸಿಕ್ಕ ಉತ್ಸಾಹದಲ್ಲಿ ಆ ಅಗಲವನ್ನು ಜನರಿಂದ, ಕಂಬಗಳಿಂದ, ಕುದುರೆಗಳಿಂದ ತುಂಬಿದವರೇ ಹೆಚ್ಚು. ಇಲ್ಲಿ ಪರದೆಯ ಬಹುಪಾಲು ಖಾಲಿ. ಇಬ್ಬರ ನಡುವಿನ ದೂರ ಅಳೆಯಲು ಅವರಿಗೆ ಅಷ್ಟು ಅಗಲ ಬೇಕಾಗಿತ್ತು. ಚಿತ್ರ ಸೋತಿತು, ಗುರುದತ್ ತಮ್ಮ ಹೆಸರಿನಲ್ಲಿ ಮತ್ತೆ ಚಿತ್ರ ನಿರ್ದೇಶಿಸಲಿಲ್ಲ. ಮೂರ್ತಿಯವರಿಗೆ ಆ ಕೆಲಸಕ್ಕಾಗಿ ಫಿಲ್ಮ್‌ಫೇರ್ ಪ್ರಶಸ್ತಿ ಬಂತು.

‘ಸಾಹಿಬ್ ಬೀಬಿ ಔರ್ ಗುಲಾಮ್’ನಲ್ಲಿ (1962, ನಿರ್ದೇಶನ ಅಬ್ರಾರ್ ಅಲ್ವಿ) ಮಹಲಿನಲ್ಲಿ ನಡೆಯುವ ಒಂದು ನೃತ್ಯವಿದೆ. ಮೀನೂ ಮುಮ್ತಾಜ್ ನರ್ತಿಸುತ್ತಾರೆ, ಸುತ್ತ ಸಹನರ್ತಕಿಯರು. ಆ ಹಾಡನ್ನು ಧ್ವನಿ ತೆಗೆದು ಒಮ್ಮೆ ನೋಡಬೇಕು. ಮುಖ್ಯ ನರ್ತಕಿಯ ಮುಖದ ಮೇಲೆ ಬೆಳಕು ತಪ್ಪುವುದಿಲ್ಲ. ಉಳಿದವರ ಮುಖದ ಮೇಲೆ ಬೆಳಕು ಬೀಳುವುದಿಲ್ಲ. ಅವರು ಮುಂದೆ ಬಂದರೂ, ಸುತ್ತು ಹಾಕಿದರೂ, ಕ್ಯಾಮೆರಾಗೆ ಅಡ್ಡ ಹಾಯ್ದರೂ ನೆರಳಾಗಿಯೇ ಇರುತ್ತಾರೆ. ಒಬ್ಬಳಿಗೆ ಬೆಳಕು, ಅವಳ ಪಕ್ಕದಲ್ಲೇ ಆಡುವ ಇನ್ನೊಬ್ಬಳಿಗೆ ಕತ್ತಲು. ಸಹನರ್ತಕಿಯರು ಕಣ್ಣು ಸೆಳೆಯುವಂತಿಲ್ಲ ಎಂದು ಗುರುದತ್ ಗೊಣಗಿದ್ದರಿಂದ ಹುಟ್ಟಿದ ಉಪಾಯ ಇದು ಎಂದು ಹೇಳುತ್ತಾರೆ. ಕಾರಣ ಏನೇ ಇರಲಿ, ಫಲ ಮಾತ್ರ ಕಥೆಯ ಒಳಗಿನದು. ಜಮೀನ್ದಾರಿಕೆ ಕುಸಿಯುತ್ತಿರುವ ಆ ಮನೆಯಲ್ಲಿ ಹೆಂಗಸರಿಗೆ ಮುಖವೇ ಇಲ್ಲ ಎಂಬುದನ್ನು ಸಂಭಾಷಣೆಯಲ್ಲಿ ಹೇಳಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಬಣ್ಣ ಬಂದ ಹೊಸದರಲ್ಲಿ ಇಂಥ ನೆರಳಿನಾಟಕ್ಕೆ ಅವಕಾಶ ಕಡಿಮೆಯಿತ್ತು. ಅಂದಿನ ಬಣ್ಣದ ಫಿಲ್ಮ್‌ಗೆ ವಿಪರೀತ ಬೆಳಕು ಬೇಕು. ‘ಚೌದವೀ ಕಾ ಚಾಂದ್’ನ (1960) ಶೀರ್ಷಿಕೆ ಗೀತೆಯನ್ನು ಬಣ್ಣದಲ್ಲಿ ತೆಗೆದಾಗ ದೀಪಗಳ ಕಾವಿಗೆ ವಹೀದಾ ರೆಹಮಾನ್ ಅವರ ಕಣ್ಣು ಕೆಂಪೇರಿತು, ಶಾಟ್‌ಗಳ ನಡುವೆ ಮಂಜುಗಡ್ಡೆ ಒತ್ತಿಕೊಳ್ಳುತ್ತಿದ್ದರಂತೆ. ಆ ಕೆಂಪನ್ನು ಬೇರೆ ಅರ್ಥದಲ್ಲಿ ತೆಗೆದುಕೊಂಡು ಸೆನ್ಸಾರ್‌ನವರು ಆಕ್ಷೇಪ ಎತ್ತಿದರೆಂದು ವಹೀದಾ ಅವರೇ ಹೇಳಿಕೊಂಡಿದ್ದಾರೆ. ಫಿಲ್ಮಿನ ರಸಾಯನದ ಮಿತಿಯೊಂದು ಪಾತ್ರದ ನಡತೆಯ ಪ್ರಶ್ನೆಯಾಗಿಬಿಟ್ಟಿತು. ಕಣ್ಣಿಗೆ ಕಂಡದ್ದಕ್ಕೆಲ್ಲ ಅರ್ಥವಿದೆ ಎಂದು ನೋಡುಗ ನಂಬುತ್ತಾನೆ. ಛಾಯಾಗ್ರಾಹಕನ ಹೊಣೆ ಅಷ್ಟು ದೊಡ್ಡದು.

ಮೂರ್ತಿಯವರು ಬೆಳಕನ್ನು ಕೋಲಾಗಿ ಹಿಡಿದ ಅದೇ ದಶಕದಲ್ಲಿ ಕಲ್ಕತ್ತೆಯಲ್ಲಿ ಸುಬ್ರತ ಮಿತ್ರ ಅದನ್ನು ಹರಡುವ ದಾರಿ ಹುಡುಕಿದ್ದರು. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಗೆ ಕ್ಯಾಮೆರಾ ಹಿಡಿದಾಗ ಮಿತ್ರ ಅವರಿಗೆ ಇಪ್ಪತ್ತೊಂದರ ಆಸುಪಾಸು, ಅದಕ್ಕೆ ಮೊದಲು ಅವರು ಸಿನಿಮಾ ಕ್ಯಾಮೆರಾ ನಡೆಸಿದವರೇ ಅಲ್ಲ. ‘ಅಪರಾಜಿತೊ’ಗೆ (1956) ಕಾಶಿಯ ಮನೆಯೊಂದರ ಅಂಗಳವನ್ನು ಸ್ಟುಡಿಯೊದಲ್ಲಿ ಕಟ್ಟಬೇಕಾಯಿತು. ಅಂಥ ಮನೆಯ ಅಂಗಳಕ್ಕೆ ಬಿಸಿಲು ನೇರ ಇಳಿಯುವುದಿಲ್ಲ; ಮೇಲಿನ ತುಂಡು ಆಕಾಶದಿಂದ ಸೋಸಿ ಬರುವ ಬೆಳಕಿಗೆ ಗಟ್ಟಿ ನೆರಳಿರುವುದಿಲ್ಲ. ಸ್ಟುಡಿಯೊ ದೀಪ ಹಚ್ಚಿದರೆ ಪ್ರತಿ ಪಾತ್ರಕ್ಕೂ ಗೋಡೆಯ ಮೇಲೆ ಎರಡು ಮೂರು ನೆರಳು. ಈ ಬೆಳಕನ್ನು ಒಳಗೆ ತರಲಾಗದು ಎಂದು ಮಿತ್ರ ವಾದಿಸಿದರು. ರಾಯ್ ಮತ್ತು ಕಲಾನಿರ್ದೇಶಕ ಬನ್ಸಿ ಚಂದ್ರಗುಪ್ತ ಒಪ್ಪಲಿಲ್ಲ. ಕೊನೆಗೆ ಮಿತ್ರ ಸೆಟ್‌ನ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ನಟರ ಕಡೆಗಲ್ಲ, ಆ ಬಟ್ಟೆಯ ಕಡೆಗೆ ತಿರುಗಿಸಿದರು. ಬಟ್ಟೆಗೆ ಬಡಿದು ಹಿಂದಿರುಗಿದ ಬೆಳಕು ಆಕಾಶದ ಬೆಳಕಿನಂತೆ ಅಂಗಳಕ್ಕೆ ಇಳಿಯಿತು. ಇಂದು ನಮ್ಮ ಯಾವ ಸೆಟ್‌ಗೆ ಹೋದರೂ ‘ಬೌನ್ಸ್ ಕೊಡಿ’ ಎಂಬ ಕೂಗು ಕೇಳುತ್ತದೆ, ಲೈಟ್‌ಬಾಯ್ ಬಿಳಿ ಥರ್ಮಾಕೋಲ್ ಹಿಡಿದು ಓಡುತ್ತಾನೆ. ಆ ಪದ್ಧತಿಗೆ ನಮ್ಮ ದೇಶದಲ್ಲಿ ಇಂಥದ್ದೊಂದು ಹುಟ್ಟುಕಥೆ ಇದೆ ಎಂಬುದು ಸೆಟ್‌ನಲ್ಲಿರುವವರಿಗೂ ಗೊತ್ತಿರಬೇಕು ಎಂದು ನನ್ನ ಆಸೆ.

ಮೂರ್ತಿ ಮತ್ತು ಮಿತ್ರ ಇಬ್ಬರಲ್ಲಿ ಯಾರು ದೊಡ್ಡವರು ಎಂಬ ಚರ್ಚೆ ಆಗಾಗ ನಡೆಯುತ್ತದೆ. ನನಗೆ ಅದರಲ್ಲಿ ಆಸಕ್ತಿಯಿಲ್ಲ. ಗುರುದತ್ ಕಥೆಗಳಿಗೆ ಮಿತ್ರ ಅವರ ಬೆಳಕು ಒಗ್ಗುತ್ತಿರಲಿಲ್ಲ. ರಾಯ್ ಚಿತ್ರಗಳ ಅಪುವಿನ ಮನೆಗೆ ಮೂರ್ತಿಯವರ ಬೆಳಕು ಬಂದಿದ್ದರೆ ಅದು ರಂಗಸ್ಥಳವಾಗುತ್ತಿತ್ತು.

ಕನ್ನಡಕ್ಕೆ ಬರೋಣ. ಹೊಸ ಅಲೆಯ ಚಿತ್ರಗಳ ಕಾಲದಲ್ಲಿ ನಮ್ಮಲ್ಲಿ ಕ್ಯಾಮೆರಾ ಹಿಡಿದವರು ಬೇರೆ ಬೇರೆ ದಿಕ್ಕಿನಿಂದ ಬಂದರು. ‘ಸಂಸ್ಕಾರ’ಕ್ಕೆ (1970) ಆಸ್ಟ್ರೇಲಿಯಾದ ಟಾಮ್ ಕೋವನ್. ಗಿರೀಶ ಕಾರ್ನಾಡರ ‘ಕಾಡು’ ಚಿತ್ರಕ್ಕೆ (1973) ಗೋವಿಂದ ನಿಹಲಾನಿ, ಊರೂರುಗಳ ದ್ವೇಷವನ್ನು ಕಿಟ್ಟಿ ಎಂಬ ಹುಡುಗನ ಕಣ್ಣಿನಲ್ಲಿ ಕಾಣುವ ಕಥೆ ಅದು. ಜನಪ್ರಿಯ ಚಿತ್ರಗಳಲ್ಲೂ ಪ್ರಯೋಗಗಳಿಗೆ ಬರವಿರಲಿಲ್ಲ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರದಲ್ಲಿ ಚಿಟ್ಟಿಬಾಬು ಒಂದು ಹಾಡನ್ನು ಸ್ಲೋಮೋಷನ್‌ನಲ್ಲಿ ತೆಗೆದರು. ಸೆಕೆಂಡಿಗೆ 24 ಚೌಕಟ್ಟು ಓಡಬೇಕಾದ ಕ್ಯಾಮೆರಾವನ್ನು ಇನ್ನಷ್ಟು ವೇಗವಾಗಿ ಓಡಿಸಿ, ತೋರಿಸುವಾಗ 24ರಲ್ಲೇ ತೋರಿಸಿದರೆ ಚಲನೆ ನಿಧಾನವಾಗುತ್ತದೆ. ಹಾಡಿಗೆ ಇದು ಸುಲಭವಲ್ಲ: ತುಟಿ ಹಾಡಿಗೆ ಹೊಂದಬೇಕಾದರೆ ಚಿತ್ರೀಕರಣದ ವೇಳೆ ಹಾಡನ್ನೂ ಅಷ್ಟೇ ವೇಗದಲ್ಲಿ ನುಡಿಸಬೇಕು. ಆ ಓಟಕ್ಕೆ ಬಾಯಾಡಿಸಿದ ವಿಷ್ಣುವರ್ಧನ್ ಪರದೆಯ ಮೇಲೆ ಕನಸಿನಲ್ಲಿ ತೇಲಿದಂತೆ ಕಾಣುತ್ತಾರೆ.

ಸುಂದರ ಜಾಗವೇ ಛಾಯಾಗ್ರಹಣ ಎನ್ನುವವರಿಗೆ ನಾನು ತೋರಿಸುವ ಚಿತ್ರ ಸಿಂಗೀತಂ ಶ್ರೀನಿವಾಸರಾಯರ ‘ಪುಷ್ಪಕ ವಿಮಾನ’ (1987). ಬೆಂಗಳೂರಿನ ವಠಾರದ ಕೋಣೆ, ರಸ್ತೆ, ಒಂದು ಪಂಚತಾರಾ ಹೋಟೆಲು, ಇಷ್ಟೇ. ಚಿತ್ರದಲ್ಲಿ ಮಾತೇ ಇಲ್ಲ. ಮಾತಿದ್ದರೆ ಪಾತ್ರಗಳು ತಮಗೆ ಏನಾಯಿತೆಂದು ಹೇಳಿಬಿಡುತ್ತವೆ, ಕ್ಯಾಮೆರಾ ತಪ್ಪಿದರೂ ಕಿವಿ ಕಾಪಾಡುತ್ತದೆ. ಇಲ್ಲಿ ಯಾರು ಯಾರನ್ನು ನೋಡಿದರು, ಎಷ್ಟನ್ನು ನೋಡಿದರು, ಯಾವುದನ್ನು ನೋಡಲಿಲ್ಲ ಎಂಬುದರ ಮೇಲೆ ಕಥೆ ನಿಂತಿದೆ. ಬಿ.ಸಿ. ಗೌರಿಶಂಕರ್ ಅವರ ಚೌಕಟ್ಟು ಒಂದಂಗುಲ ಆಚೀಚೆ ಆಗಿದ್ದರೆ ತಮಾಷೆ ಅರ್ಥವಾಗುತ್ತಿರಲಿಲ್ಲ. ಪ್ರೇಕ್ಷಕರು ನಕ್ಕರು, ಕಮಲಹಾಸನ್ ಅವರನ್ನು ಮೆಚ್ಚಿದರು, ಮಾತಿಲ್ಲ ಎಂಬುದನ್ನೇ ಮರೆತರು. ಕ್ಯಾಮೆರಾ ಚೆನ್ನಾಗಿದೆ ಎಂದವರು ಕಡಿಮೆ. ಆ ಮೌನವೇ ಗೌರಿಶಂಕರ್ ಅವರಿಗೆ ಸಿಕ್ಕ ದೊಡ್ಡ ಮೆಚ್ಚುಗೆ ಎಂದು ಹೇಳಿ ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ. ಅವರ ಹೆಸರನ್ನು ನಾವು ಹೇಳಬೇಕಿತ್ತು.

ಕಾಸರವಳ್ಳಿಯವರ ‘ದ್ವೀಪ’ದಲ್ಲಿ ಮಳೆ ಇದೆ. ನಮ್ಮ ಹಾಡುಗಳಲ್ಲಿ ಮಳೆ ಎಂದರೆ ಪ್ರೇಮ. ‘ದ್ವೀಪ’ದಲ್ಲಿ ಅದು ಅಣೆಕಟ್ಟಿನ ನೀರನ್ನು ಗೇಣುಗೇಣಾಗಿ ಏರಿಸಿ ಮನೆಯ ಬಾಗಿಲಿಗೆ ತರುವ ಶಕ್ತಿ. ಮಳೆ ಕ್ಯಾಮೆರಾದ ಕಣ್ಣಿಗೆ ಸುಮ್ಮನೆ ಬೀಳುವುದಿಲ್ಲ. ಹನಿಯ ಹಿಂದಿನಿಂದ ಬೆಳಕು ಬಂದರೆ ಬೆಳ್ಳಿಗೆರೆಯಾಗಿ ಹೊಳೆಯುತ್ತದೆ. ಮುಂದಿನಿಂದ ಬಂದರೆ ಕಾಣುವುದೇ ಇಲ್ಲ. ಹಾಗಾಗಿ ಮಳೆಯನ್ನು ಎಷ್ಟು ಹೊಳೆಯಿಸಬೇಕು ಎಂಬುದೂ ಒಂದು ನಿರ್ಧಾರ. ಎಚ್.ಎಂ. ರಾಮಚಂದ್ರ ಹಾಲ್ಕೆರೆ ಇಲ್ಲಿ ಮಳೆಯನ್ನು ಮುದ್ದು ಮಾಡಿಲ್ಲ. ಮೋಡ ಕವಿದ ಬೂದು ಬೆಳಕು, ಹಸಿರೂ ಕಪ್ಪಾಗಿ ಕಾಣುವಷ್ಟು ತೇವ. ಸೌಂದರ್ಯ ಅವರ ನಾಗಿ ಆ ತೇವದ ನಡುವೆ ಒಲೆ ಹೊತ್ತಿಸುವಾಗ ಬೆಂಕಿಯ ಬಣ್ಣಕ್ಕೆ ಬರುವ ಬೆಲೆ ಆ ಬೂದಿನಿಂದ ಬಂದದ್ದು. ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಶ್ರೇಷ್ಠ ಚಿತ್ರದ ಗೌರವದ ಜೊತೆಗೆ ಛಾಯಾಗ್ರಹಣದ ಪ್ರಶಸ್ತಿಯೂ ಈ ಚಿತ್ರಕ್ಕೆ ಸಂದಿತು.

ಫಿಲ್ಮ್ ಓಡುತ್ತಿದ್ದ ಕಾಲದಲ್ಲಿ ಚಿತ್ರ ಹೇಗೆ ಬಂದಿದೆ ಎಂದು ಸೆಟ್‌ನಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟವನಿಗೂ ಚೌಕಟ್ಟು ಮಾತ್ರ ಕಾಣುತ್ತಿತ್ತು. ಕತ್ತಲು ಎಷ್ಟು ಗಾಢವಾಗಿ ಬರುತ್ತದೆ, ಬಿಳಿ ಎಲ್ಲಿ ಸುಟ್ಟುಹೋಗುತ್ತದೆ ಎಂಬುದು ಅವನ ತಲೆಯಲ್ಲಿ ಮಾತ್ರ ಇರುತ್ತಿತ್ತು. ಬೆಳಕು ಅಳೆಯುವ ಮೀಟರ್ ಒಂದು ಅಂಕಿ ಹೇಳುತ್ತಿತ್ತು, ಆ ಅಂಕಿಯನ್ನು ಎಷ್ಟು ನಂಬಬೇಕೆಂದು ಅನುಭವ ಹೇಳುತ್ತಿತ್ತು. ರೀಲು ಲ್ಯಾಬಿಗೆ ಹೋಗಿ ತೊಳೆದು ಬರುವ ತನಕ ನಿರ್ದೇಶಕ, ನಿರ್ಮಾಪಕ, ನಟ ಎಲ್ಲರೂ ಅವನ ಮಾತನ್ನು ನಂಬಿ ಕಾಯಬೇಕು. ಈಗ ಶಾಟ್ ನಡೆಯುತ್ತಿರುವಾಗಲೇ ಮಾನಿಟರ್ ಮುಂದೆ ಹತ್ತು ಜನ. ಇದರಿಂದ ಒಳಿತೂ ಆಗಿದೆ, ತಪ್ಪುಗಳು ಅಲ್ಲೇ ಸಿಗುತ್ತವೆ. ಆದರೆ ಧೈರ್ಯದ ಕತ್ತಲಿಗೆ ಇದು ಒಳ್ಳೆಯ ಕಾಲವಲ್ಲ. ‘ಮುಖ ಸರಿಯಾಗಿ ಕಾಣ್ತಿಲ್ವಲ್ಲ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ, ಇನ್ನೊಂದು ದೀಪ ಬಂದೇ ಬರುತ್ತದೆ. ‘ಗಾಡ್‌ಫಾದರ್’ (1972) ಚಿತ್ರದಲ್ಲಿ ಗೋರ್ಡನ್ ವಿಲ್ಲಿಸ್ ತಲೆಯ ಮೇಲಿನಿಂದ ಬೆಳಕು ಕೊಟ್ಟು ಮರ್ಲಾನ್ ಬ್ರಾಂಡೊ ಅವರ ಕಣ್ಣುಗಳನ್ನೇ ನೆರಳಿಗೆ ತಳ್ಳಿದ್ದರು. ಆ ಮನುಷ್ಯನ ಮನಸ್ಸಿನಲ್ಲಿ ಏನಿದೆಯೆಂದು ನಮಗೆ ತಿಳಿಯದಿರುವುದೇ ಅವನ ಬಲ. ಅಂದು ಸೆಟ್‌ನಲ್ಲಿ ಮಾನಿಟರ್ ಇದ್ದು, ಸುತ್ತ ಅಷ್ಟು ಜನ ನಿಂತಿದ್ದರೆ ಆ ಕಣ್ಣುಗಳು ನೆರಳಲ್ಲಿ ಉಳಿಯುತ್ತಿದ್ದವೇ ಎಂಬ ಸಂದೇಹ ನನಗಿದೆ.

ಇನ್ನೊಂದು ಬದಲಾವಣೆ ಗ್ರೇಡಿಂಗ್ ಕೋಣೆಯದು. ತೆಗೆದ ಚಿತ್ರದ ಬಣ್ಣ, ಹೊಳಪು, ನೆರಳು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಆಮೇಲೆ ತಿದ್ದಬಹುದು. ಹಗಲನ್ನು ಸಂಜೆ ಮಾಡಬಹುದು, ಒಬ್ಬನ ಮುಖಕ್ಕೆ ಮಾತ್ರ ಬೆಳಕು ಏರಿಸಬಹುದು. ಪವನ್ ಕುಮಾರ್ ಅವರ ‘ಲೂಸಿಯಾ’ (2013) ಒಂದು ಬದುಕನ್ನು ಬಣ್ಣದಲ್ಲಿ, ಇನ್ನೊಂದನ್ನು ಕಪ್ಪು-ಬಿಳುಪಿನಲ್ಲಿ ಹೇಳಿ ಯಾವುದು ಕನಸು ಎಂದು ನಮ್ಮನ್ನು ಗೊಂದಲಕ್ಕೆ ಕೆಡವಿತು. ಅದು ಬಣ್ಣ ಕಥೆಯ ಕೆಲಸ ಮಾಡಿದ ಪರಿ. ಹಾಗಲ್ಲದೆ, ಟ್ರೈಲರ್ ಚೆನ್ನಾಗಿ ಕಾಣಲಿ ಎಂದು ಇಡೀ ಚಿತ್ರಕ್ಕೆ ಕಿತ್ತಳೆ-ನೀಲಿ ಬಳಿಯುವುದೂ ಇದೆ. ಎರಡಕ್ಕೂ ನಾವು ಒಂದೇ ಹೆಸರು ಕೊಡುತ್ತೇವೆ. ‘ಅವತಾರ್’ (2009) ಚಿತ್ರದ ಹೆಚ್ಚಿನ ಭಾಗ ಕಂಪ್ಯೂಟರಿನಲ್ಲಿ ಹುಟ್ಟಿದ್ದು; ಹಾಗಾಗಿ ಮೌರೊ ಫಿಯೋರೆ ಅವರಿಗೆ ಛಾಯಾಗ್ರಹಣದ ಆಸ್ಕರ್ ಬಂದಾಗ ಬಹಳ ಮಂದಿ ಹುಬ್ಬೇರಿಸಿದರು. ನನ್ನ ಮಟ್ಟಿಗೆ ಅಲ್ಲಿ ಅಡ್ಡಿಯಿಲ್ಲ. ನಿಜವಾದ ಮಸೂರ ಇರಲಿ, ಲೆಕ್ಕದ ಮಸೂರ ಇರಲಿ, ಇಲ್ಲಿ ಬೆಳಕು ಬೇಕು, ಅಲ್ಲಿ ಬೇಡ ಎಂದು ಒಬ್ಬರು ಕೂತು ನಿರ್ಧರಿಸಿದ್ದರೆ ಅದು ಸಿನಿಮಾಟೋಗ್ರಫಿಯೇ. ನಾಲ್ಕು ಸಾಲು ವಿವರಣೆ ಬರೆದು ಯಂತ್ರ ಕೊಟ್ಟದ್ದನ್ನು ಒಪ್ಪಿಕೊಂಡಾಗ ಆ ನಿರ್ಧಾರ ಮಾಡಿದವರು ಯಾರು ಎಂಬುದೇ ಈಗ ಕೇಳಬೇಕಾದ ಪ್ರಶ್ನೆ.

ವಿ.ಕೆ. ಮೂರ್ತಿಯವರಿಗೆ 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. 1969ರಲ್ಲಿ ಶುರುವಾದ ಆ ಪ್ರಶಸ್ತಿ ಛಾಯಾಗ್ರಾಹಕರೆಂಬ ನೆಲೆಯಲ್ಲಿ ಒಬ್ಬರಿಗೆ ಸಂದದ್ದು ಅದೇ ಮೊದಲು. ಆ ಹೊತ್ತಿಗೆ ಅವರು ರಾಜೇಂದ್ರಸಿಂಗ್ ಬಾಬು ಅವರ ‘ಹೂವು ಹಣ್ಣು’ (1993) ಎಂಬ ಕನ್ನಡ ಚಿತ್ರಕ್ಕೂ ದುಡಿದು, ಬೆಂಗಳೂರಿಗೆ ಮರಳಿ ವಿಶ್ರಾಂತರಾಗಿದ್ದರು. 2014ರಲ್ಲಿ ತೀರಿಕೊಂಡರು.

ಛಾಯಾಗ್ರಾಹಕರು ಹೋದ ಮೇಲೆ ಅವರ ನಿರ್ಧಾರಗಳನ್ನು ಕಾಯುವವರು ಯಾರು ಎಂಬ ಪ್ರಶ್ನೆ ಈಚೆಗೆ ಕನ್ನಡಕ್ಕೂ ಬಂದಿದೆ. ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಚಿತ್ರವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ 4ಕೆ ಗುಣಮಟ್ಟದಲ್ಲಿ ಪುನರುಜ್ಜೀವನಗೊಳಿಸಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಅದು ಪ್ರದರ್ಶನಗೊಂಡಿತು. ಅಗ್ರಹಾರದ ವೇದಪಾಠಶಾಲೆ, ಯಮುನಕ್ಕ, ಹುಡುಗ ನಾಣಿ, ಕಾಡಿನ ರಾತ್ರಿ ಎಲ್ಲವನ್ನೂ ಕಪ್ಪು-ಬಿಳುಪಿನಲ್ಲಿ ಹಿಡಿದವರು ಎಸ್. ರಾಮಚಂದ್ರ. ಮುಂದೆ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಆಗುಂಬೆಯನ್ನು ದೇಶದ ಮನೆಮನೆಗೆ ತಲುಪಿಸಿದವರೂ ಅವರೇ. 2011ರಲ್ಲಿ ಅವರು ನಮ್ಮನ್ನಗಲಿದರು. ಹಳೆಯ ನೆಗೆಟಿವ್‌ ಅನ್ನು ಇಂದಿನ ಸ್ಕ್ಯಾನರ್‌ಗೆ ಕೊಟ್ಟರೆ ಅಂದಿನ ಪ್ರಿಂಟಿನಲ್ಲಿ ಕಾಣದೇ ಇದ್ದ ವಿವರಗಳೂ ಮೇಲೆ ಬರುತ್ತವೆ. ನೆರಳಲ್ಲಿ ಅಡಗಿದ್ದ ಕಂಬ, ಕಾಡಿನ ಎಲೆ, ಮೂಲೆಯಲ್ಲಿ ಕೂತವನ ಮುಖ, ಎಲ್ಲವನ್ನೂ ಎತ್ತಿ ತೋರಿಸುವುದು ಈಗ ಒಂದು ಗುಂಡಿ ತಿರುಗಿಸುವಷ್ಟು ಸುಲಭ. ಹಾಗೆ ಮಾಡಿದರೆ ಚಿತ್ರ ಹೆಚ್ಚು ‘ಸ್ಪಷ್ಟ’ವಾಗುತ್ತದೆ, ಆದರೆ ರಾಮಚಂದ್ರರ ರಾತ್ರಿ ಹಾಳಾಗುತ್ತದೆ. ಆ ರಾತ್ರಿ ಎಷ್ಟು ಕಪ್ಪಾಗಿತ್ತೆಂದು ಬಲ್ಲ ನಿರ್ದೇಶಕರು ‘ಘಟಶ್ರಾದ್ಧ’ಕ್ಕೆ ಇದ್ದಾರೆ. ನಮ್ಮ ಎಪ್ಪತ್ತರ ದಶಕದ ಬಹುಪಾಲು ಚಿತ್ರಗಳಿಗೆ ನಿರ್ದೇಶಕರೂ ಉಳಿದಿಲ್ಲ, ಛಾಯಾಗ್ರಾಹಕರೂ ಉಳಿದಿಲ್ಲ, ಯಾವ ದೃಶ್ಯಕ್ಕೆ ಎಷ್ಟು ಬೆಳಕು ಕೊಟ್ಟಿದ್ದರೆಂದು ಹೇಳುವ ಟಿಪ್ಪಣಿಗಳನ್ನು ಯಾರೂ ಕೂಡಿಡಲೂ ಇಲ್ಲ. ಆ ಸೆಟ್‌ಗಳಲ್ಲಿ ಸಹಾಯಕರಾಗಿ ಮೀಟರ್ ಹಿಡಿದು ಓಡಾಡಿದ ಕೆಲವರು ಇಂದಿಗೂ ಇದ್ದಾರೆ. ಅವರನ್ನು ಕೂರಿಸಿ ಕೇಳಿ ಬರೆದಿಡುವ ಕೆಲಸವನ್ನು ಚಲನಚಿತ್ರ ಅಕಾಡೆಮಿ ಈ ವರ್ಷವೇ ಶುರು ಮಾಡಬಹುದು.